ಚಿಕ್ಕ ಪದ ಹುಡುಕಿದರೆ ‘ಏನೂ ಸಿಗಲಿಲ್ಲ’ ಎನ್ನುವುದೇಕೆ?

ಪುಣೆಯ ಕೋಥ್ರೂಡಿನಲ್ಲೋ ವಾಕಡದಲ್ಲೋ ಫ್ಲ್ಯಾಟ್ ಕೊಳ್ಳಲು ಹೊರಟಿದ್ದೀರಿ ಎನ್ನಿ. ವಕೀಲರು ಕೇಳುವ ಮೊದಲ ಪ್ರಶ್ನೆಗಳಲ್ಲೊಂದು, ‘ಓಸಿ ಇದೆಯಾ?’ ಕಟ್ಟಡ ವಾಸಕ್ಕೆ ಯೋಗ್ಯವಾಗಿದೆ ಎಂದು ಮಹಾನಗರಪಾಲಿಕೆ ಕೊಡುವ ಪತ್ರ ಅದು. ಸೊಸೈಟಿಯ ಕಾಗದಪತ್ರಗಳೆಲ್ಲ ಕಂಪ್ಯೂಟರಿಗೆ ಏರಿವೆ, ಹುಡುಕಲು ಒಂದು ಪೆಟ್ಟಿಗೆಯೂ ಇದೆ. ಇಂಗ್ಲಿಷಿನ ಆ ಎರಡು ಅಕ್ಷರ ಹಾಕಿ ಒತ್ತುತ್ತೀರಿ. ‘ಏನೂ ಸಿಗಲಿಲ್ಲ’ ಎಂಬ ಉತ್ತರ ಬರುತ್ತದೆ. ಪತ್ರವೇ ಇಲ್ಲವೇನೋ ಎಂದು ಗಾಬರಿಯಾಗುತ್ತದೆ.

ಗಾಬರಿ ಬೇಡ. ಪತ್ರ ಅಲ್ಲೇ ಇರಬಹುದು. ಪೆಟ್ಟಿಗೆ ಅದನ್ನು ಹುಡುಕಿಯೇ ಇಲ್ಲದಿರಬಹುದು. ಅನೇಕ ಹುಡುಕು ಸಾಧನಗಳು ಇಂತಿಷ್ಟಕ್ಕಿಂತ ಕಡಿಮೆ ಅಕ್ಷರದ ಪದಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆ ಮಿತಿ ಕೆಲವು ಕಡೆ ಮೂರು, ಕೆಲವು ಕಡೆ ನಾಲ್ಕು. ನಗರದ ಕಚೇರಿ ವ್ಯವಹಾರ ನಡೆಯುವುದೋ ಎರಡು ಮೂರು ಅಕ್ಷರದ ಪದಗಳಲ್ಲೇ: ಓಸಿ, ಡಿಪಿ (ನಗರದ ಅಭಿವೃದ್ಧಿ ಯೋಜನೆ), ಪಿಎಂಸಿ (ಪುಣೆ ಮಹಾನಗರಪಾಲಿಕೆ), ಆರ್‌ಟಿಓ, ಎಸ್‌ಟಿ (ರಾಜ್ಯ ಸಾರಿಗೆ ಬಸ್ಸು), ಜಮೀನಿನ ದಾಖಲೆಯಾದ 7/12. ನಮಗೆ ತೀರಾ ಬೇಕಾದ ಪದಗಳೇ ಮಿತಿಯ ಕೆಳಗೆ ಬೀಳುತ್ತವೆ. ಈ ಮಿತಿ ಏಕಿದೆ, ನಿಮ್ಮ ಪೆಟ್ಟಿಗೆಯಲ್ಲಿ ಎಷ್ಟಿದೆ ಎಂದು ಕಂಡುಕೊಳ್ಳುವುದು ಹೇಗೆ, ಅದನ್ನು ಬಳಸಿಕೊಂಡು ಹೋಗುವುದು ಹೇಗೆ ಎಂಬುದನ್ನು ಇಲ್ಲಿ ನೋಡೋಣ. ಸೊಸೈಟಿಯ ಕಡತಕ್ಕೂ ಗ್ರಂಥಾಲಯದ ಪಟ್ಟಿಗೂ ಕನ್ನಡ ಸಂಘದ ಹಳೆಯ ವರದಿಗಳಿಗೂ ಈ ಉಪಾಯಗಳು ಒಗ್ಗುತ್ತವೆ.

ಮಿತಿ ಏಕೆ ಇಟ್ಟರು?

ಹುಡುಕು ಸಾಧನ ನೀವು ಕೇಳಿದಾಗ ಎಲ್ಲ ಕಡತಗಳನ್ನೂ ತೆರೆದು ಓದುವುದಿಲ್ಲ. ಮೊದಲೇ ಎಲ್ಲವನ್ನೂ ಓದಿ ಒಂದು ಪದಸೂಚಿ ಮಾಡಿಟ್ಟುಕೊಂಡಿರುತ್ತದೆ: ಯಾವ ಪದ ಯಾವ ಯಾವ ಕಡತದಲ್ಲಿದೆ ಎಂಬ ಪಟ್ಟಿ. ನೀವು ಕೇಳಿದ ಪದ ಆ ಪಟ್ಟಿಯಲ್ಲಿ ಇದ್ದರೆ ಉತ್ತರ, ಇಲ್ಲದಿದ್ದರೆ ‘ಸಿಗಲಿಲ್ಲ’.

ಈ ಸೂಚಿ ಮಾಡುವಾಗ ಎಲ್ಲ ಪದಗಳನ್ನೂ ಸೇರಿಸಿದರೆ ಅದು ಊದಿಕೊಳ್ಳುತ್ತದೆ. ಇಂಗ್ಲಿಷಿನ ಅತಿ ಚಿಕ್ಕ ಪದಗಳಲ್ಲಿ ಬಹುಪಾಲು ಎಲ್ಲ ಪುಟಗಳಲ್ಲೂ ಬರುವ ಅವ್ಯಯಗಳು. ಅವನ್ನು ಹುಡುಕಿ ಯಾರಿಗೂ ಪ್ರಯೋಜನವಿಲ್ಲ. ಆದ್ದರಿಂದ ಇಂತಿಷ್ಟು ಅಕ್ಷರಕ್ಕಿಂತ ಕಡಿಮೆಯ ಪದಗಳನ್ನು ಸೂಚಿಗೆ ಸೇರಿಸಬಾರದು ಎಂಬ ನಿಯಮ ಬಂತು. ಜರಡಿಯಲ್ಲಿ ತೌಡಿನ ಜೊತೆ ನುಚ್ಚೂ ಇಳಿದುಹೋಗುವಂತೆ, ಬೇಡದ ಅವ್ಯಯಗಳ ಜೊತೆ ಬೇಕಾದ ಚಿಕ್ಕ ಪದಗಳೂ ಹೋದವು.

ಜಗತ್ತಿನಾದ್ಯಂತ ಸಣ್ಣ ದೊಡ್ಡ ತಾಣಗಳು ಬಳಸುವ ಮೈಎಸ್‌ಕ್ಯೂಎಲ್ ದತ್ತಸಂಚಯವನ್ನೇ ನೋಡಿ. ಅದರಲ್ಲಿ ಮಾಹಿತಿ ಇಡುವ ಎರಡು ಮುಖ್ಯ ಬಗೆಗಳಿವೆ. ಮೈಐಸ್ಯಾಮ್ ಎಂಬ ಹಳೆಯ ಬಗೆಯಲ್ಲಿ ಯಾರೂ ಬದಲಿಸದಿದ್ದರೆ ಕನಿಷ್ಠ ಮಿತಿ 4 ಅಕ್ಷರ. ಇನ್ನೊಡಿಬಿ ಎಂಬ ಈಗಿನ ಬಗೆಯಲ್ಲಿ 3. ಅಂದರೆ ಇಂಗ್ಲಿಷಿನ ಓಸಿ ಎರಡರಲ್ಲೂ ಸಿಗುವುದಿಲ್ಲ. ಮೂರಕ್ಷರದ ಪಿಎಂಸಿ ಒಂದರಲ್ಲಿ ಸಿಗುತ್ತದೆ, ಇನ್ನೊಂದರಲ್ಲಿ ಇಲ್ಲ. ಇಲಾಸ್ಟಿಕ್‌ಸರ್ಚ್‌ನಂಥ ಸಾಧನಗಳಿಗೆ ತಮ್ಮದೇ ಆದ ಇಂಥ ಮಿತಿಯಿಲ್ಲ, ಆದರೆ ಅಳವಡಿಸುವವರು ಬೇಕೆಂದರೆ ಹಾಕಬಹುದು.

ಕನ್ನಡದ ಅಕ್ಷರವನ್ನು ಯಂತ್ರ ಎಣಿಸುವ ಬಗೆ

ಇಲ್ಲೊಂದು ತೊಡಕಿದೆ. ನಾವು ‘ಮನೆ’ ಎಂದರೆ ಎರಡು ಅಕ್ಷರ ಎನ್ನುತ್ತೇವೆ. ಯಂತ್ರ ಮೂರು ಎನ್ನುತ್ತದೆ. ಅದರ ಲೆಕ್ಕದಲ್ಲಿ ಮ ಒಂದು, ನ ಒಂದು, ಎತ್ವದ ಚಿಹ್ನೆ ಇನ್ನೊಂದು. ಒತ್ತಕ್ಷರ ಬಂದರೆ ನಡುವಿನ ಹಲಂತ (ವಿರಾಮ) ಚಿಹ್ನೆಗೂ ಒಂದು ಲೆಕ್ಕ.

ಈ ಪದ್ಧತಿಯ ಬೇರು ಪುಣೆಯಲ್ಲೂ ಇದೆ. ಭಾರತೀಯ ಲಿಪಿಗಳನ್ನು ಕಂಪ್ಯೂಟರಿಗೆ ತರುವ ಜಿಸ್ಟ್ ಯೋಜನೆ ಐಐಟಿ ಕಾನ್ಪುರದಲ್ಲಿ ಮೊಳೆತು, ಆಮೇಲೆ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆಯಿತು. ಸಿ-ಡ್ಯಾಕ್ ಹುಟ್ಟಿದ್ದು 1988ರಲ್ಲಿ. ವ್ಯಂಜನ, ವಿರಾಮ, ಸ್ವರಚಿಹ್ನೆಗಳನ್ನು ಬಿಡಿಬಿಡಿಯಾಗಿ ಇಡುವ ಇಸ್ಕಿ ಸಂಕೇತಕ್ರಮ 1991ರಲ್ಲಿ ಭಾರತೀಯ ಮಾನಕವಾಯಿತು. ಅದರ 1988ರ ರೂಪವನ್ನೇ ಅನುಸರಿಸಿ ಯೂನಿಕೋಡ್‌ನಲ್ಲಿ ಕನ್ನಡವೂ ಸೇರಿ ಭಾರತೀಯ ಲಿಪಿಗಳ ವಿನ್ಯಾಸ ನಡೆಯಿತು. ಇಂದು ನಿಮ್ಮ ಮೊಬೈಲಿನಲ್ಲಿ ಕನ್ನಡ ಕೂತಿರುವುದು ಆ ಬಿಡಿ ತುಂಡುಗಳ ರೂಪದಲ್ಲೇ.

ಎಣಿಕೆ ಹೇಗೆ ಬದಲಾಗುತ್ತದೆ ನೋಡಿ:

• ಹಣ: ನಮಗೆ 2, ಯಂತ್ರಕ್ಕೆ 2.
• ಮನೆ: ನಮಗೆ 2, ಯಂತ್ರಕ್ಕೆ 3.
• ನೀರು, ಪುಣೆ: ನಮಗೆ 2, ಯಂತ್ರಕ್ಕೆ 4.
• ಕನ್ನಡ: ನಮಗೆ 3, ಯಂತ್ರಕ್ಕೆ 5.
• ಸ್ತ್ರೀ: ನಮಗೆ ಒಂದೇ ಅಕ್ಷರ, ಯಂತ್ರಕ್ಕೆ 6.

ಹೀಗಾಗಿ ಚಿಕ್ಕ ಪದದ ತೊಂದರೆ ಕನ್ನಡಕ್ಕೆ ಇಂಗ್ಲಿಷಿನಷ್ಟು ಬಾಧಿಸದು. ಗುಣಿತ, ಒತ್ತು ಇದ್ದ ಪದ ತಾನಾಗಿ ಉದ್ದವಾಗುತ್ತದೆ. ಪೆಟ್ಟು ತಿನ್ನುವುದು ‘ಹಣ’, ‘ಜಲ’, ‘ಮತ’, ‘ಕರ’ದಂಥ ಬರಿಯ ಅಕಾರದ ಪದಗಳು.

ಇನ್ನೂ ಒಂದು ಬಗೆಯ ಎಣಿಕೆಯಿದೆ. ಕೆಲವು ತಂತ್ರಾಂಶಗಳು ಅಕ್ಷರಗಳನ್ನು ಬಿಟ್ಟು ಬೈಟುಗಳನ್ನು ಎಣಿಸುತ್ತವೆ. ಈಗ ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟು, ಕನ್ನಡದ ಒಂದೊಂದು ತುಂಡಿಗೂ 3 ಬೈಟು. ಅಂಥ ಕಡೆ ‘ಈ’ ಎಂಬ ಒಂಟಿ ಅಕ್ಷರವೂ ಮೂರರ ಮಿತಿಯನ್ನು ದಾಟಿಬಿಡುತ್ತದೆ. ಇಂಗ್ಲಿಷಿನ ಓಸಿ ಮಾತ್ರ ಹೊರಗೇ ಉಳಿಯುತ್ತದೆ.

ನಿಮ್ಮ ಪೆಟ್ಟಿಗೆಯ ಮಿತಿ ಎಷ್ಟು? ಒಂದು ಪರೀಕ್ಷೆ

ಮಿತಿ ಎಷ್ಟೆಂದು ಬಹಳಷ್ಟು ಸಾಧನಗಳು ಎಲ್ಲೂ ಬರೆದಿರುವುದಿಲ್ಲ. ಹಾಗಾಗಿ ನೀವೇ ಪರೀಕ್ಷಿಸಿ. ಸಂಗ್ರಹದಲ್ಲಿ ಖಂಡಿತ ಇದೆ ಎಂದು ನಿಮಗೆ ಗೊತ್ತಿರುವ ಒಂದು ಕಡತ ತೆರೆಯಿರಿ. ಅದರಲ್ಲಿರುವ ಪದಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಒಂದೊಂದಾಗಿ ಹುಡುಕಿ.

1. ಕನ್ನಡದಲ್ಲಿ ಹಣ, ಮನೆ, ನೀರು, ಕನ್ನಡ ಎಂಬ ಕ್ರಮ ಅನುಕೂಲ. ಯಂತ್ರದ ಲೆಕ್ಕದಲ್ಲಿ ಅವು 2, 3, 4, 5.
2. ‘ಹಣ’ ಸಿಗದೆ ‘ಮನೆ’ ಸಿಕ್ಕರೆ ಮಿತಿ 3. ‘ಮನೆ’ಯೂ ಸಿಗದೆ ‘ನೀರು’ ಸಿಕ್ಕರೆ ಮಿತಿ 4.
3. ಮೊದಲ ಮೂರೂ ಸಿಗದೆ ‘ಕನ್ನಡ’ ಮಾತ್ರ ಸಿಕ್ಕರೆ ಆ ಸಾಧನ ನಮ್ಮಂತೆಯೇ ಅಕ್ಷರ ಎಣಿಸುತ್ತಿರಬಹುದು, ಮಿತಿ 3 ಇರಬಹುದು.
4. ನಾಲ್ಕೂ ಸಿಕ್ಕವೇ? ಒಂದೋ ಮಿತಿಯೇ ಇಲ್ಲ ಅಥವಾ ಅದು ಎರಡನ್ನು ಮೀರಿಲ್ಲ, ಇಲ್ಲವೇ ಎಣಿಕೆ ಬೈಟಿನದು. ಆಗ ಇಂಗ್ಲಿಷಿನ ಎರಡಕ್ಷರದ ಒಂದು ಪದ ಹಾಕಿ ನೋಡಿ. ಅದು ಸಿಗದಿದ್ದರೆ ಎಣಿಕೆ ಬೈಟಿನದು ಎಂಬ ಗುಮಾನಿ ಗಟ್ಟಿಯಾಗುತ್ತದೆ.
5. ಒಂದೂ ಸಿಗಲಿಲ್ಲವಾದರೆ ತೊಂದರೆ ಮಿತಿಯದಲ್ಲ. ಕಡತದ ಒಳಗಿನ ಬರಹ ಕನ್ನಡವಾಗಿ ಸೂಚಿಗೆ ಹೋಗಿಯೇ ಇಲ್ಲ. ಅದಕ್ಕೆ ಕಾರಣ ಮುಂದೆ ಬರುತ್ತದೆ.

ಈ ಪರೀಕ್ಷೆಗೆ ‘ಪುಣೆ’ ಎಂಬ ಪದ ಬೇಡ. ಮೈಐಸ್ಯಾಮ್ ಬಗೆಯ ಸಾಮಾನ್ಯ ಹುಡುಕಾಟದಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಕಡತಗಳಲ್ಲಿ ಬರುವ ಪದವನ್ನು ‘ತೀರಾ ಸಾಮಾನ್ಯ’ ಎಂದು ಕೈಬಿಡುತ್ತಾರೆ. ಪುಣೆಯ ಸೊಸೈಟಿಯ ಕಾಗದಗಳಲ್ಲಿ ಪುಣೆ ಎಂಬ ಹೆಸರು ಎಲ್ಲದರ ತಲೆಯಲ್ಲೂ ಇರುತ್ತದೆ. ಅದು ಸಿಗದಿದ್ದುದು ಚಿಕ್ಕದಾದ ಕಾರಣಕ್ಕೋ ಸಾಮಾನ್ಯವಾದ ಕಾರಣಕ್ಕೋ ಹೇಳಲಾಗದು.

ಇದಲ್ಲದೆ ಕೈಬಿಡುವ ಪದಗಳದೇ ಒಂದು ಪಟ್ಟಿ ಇರುತ್ತದೆ. ಮೈಐಸ್ಯಾಮ್‌ನ ಇಂಗ್ಲಿಷ್ ಪಟ್ಟಿಯಲ್ಲಿ ಐನೂರಕ್ಕೂ ಹೆಚ್ಚು ಪದಗಳಿವೆ, ಇನ್ನೊಡಿಬಿಯದರಲ್ಲಿ ನಲವತ್ತರೊಳಗೆ. ‘ಅದು’ ಎಂಬರ್ಥದ ಇಂಗ್ಲಿಷ್ ಸರ್ವನಾಮ ಎರಡು ಪಟ್ಟಿಗಳಲ್ಲೂ ಇದೆ. ಹಿಂಜವಡಿಯ ಐಟಿ ಪಾರ್ಕಿನ ‘ಐಟಿ’ಗೂ ಅದಕ್ಕೂ ಕಾಗುಣಿತ ಒಂದೇ. ಆದ್ದರಿಂದ ಮಿತಿಯನ್ನು ಎರಡಕ್ಕೆ ಇಳಿಸಿದರೂ ಅಲ್ಲಿ ಐಟಿ ಸಿಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಇಂಗ್ಲಿಷ್ ಹ್ರಸ್ವರೂಪದ್ದೂ ಇದೇ ಕಥೆ, ಅದು ‘ಯಾರು’ ಎಂಬ ಪ್ರಶ್ನೆಪದವಾಗಿ ಪಟ್ಟಿಯಲ್ಲಿ ಕೂತಿದೆ.

ಮಿತಿ ದಾಟುವ ಎಂಟು ದಾರಿಗಳು

1. ಹ್ರಸ್ವರೂಪ ಬಿಡಿ, ಪೂರ್ಣರೂಪ ಹಾಕಿ. ಸರ್ಕಾರಿ ಕಾಗದದಲ್ಲಿ ಹ್ರಸ್ವರೂಪ ಹತ್ತು ಕಡೆ ಬಂದರೂ ಒಂದು ಕಡೆ ಪೂರ್ಣರೂಪ ಇದ್ದೇ ಇರುತ್ತದೆ, ಹೆಚ್ಚಾಗಿ ತಲೆಬರಹದಲ್ಲಿ. ಓಸಿಗೆ ಇಂಗ್ಲಿಷಿನಲ್ಲಿ ಆಕ್ಯುಪೆನ್ಸಿ ಎಂದು ಹಾಕಿ. ಮರಾಠಿ ಕಾಗದವಾದರೆ ದೇವನಾಗರಿಯಲ್ಲಿ ‘ಭೋಗವಟಾ’ ಎಂದು ಹುಡುಕಿ, ಅಲ್ಲಿ ಅದೇ ಕಾನೂನಿನ ಹೆಸರು. ಡಿಪಿಗೆ ಡೆವಲಪ್‌ಮೆಂಟ್, ಪಿಎಂಸಿಗೆ ಮುನಿಸಿಪಲ್ ಅಥವಾ ಮರಾಠಿಯ ‘ಮಹಾನಗರಪಾಲಿಕಾ’. ಹುಡುಕುವಾಗ ಚಿಕ್ಕ ರೂಪವನ್ನು ಜೊತೆಗೆ ಸೇರಿಸಬೇಡಿ. ಎಲ್ಲ ಪದಗಳೂ ಇರಲೇಬೇಕೆಂದು ಹಟ ಹಿಡಿಯುವ ಸಾಧನಗಳಲ್ಲಿ ಒಂದು ಚಿಕ್ಕ ಪದವೇ ಇಡೀ ಹುಡುಕಾಟವನ್ನು ಸೊನ್ನೆಯಾಗಿಸಬಲ್ಲದು.

2. ಪಕ್ಕದ ಉದ್ದ ಪದವನ್ನು ಹಿಡಿಯಿರಿ. ನಿಮಗೆ ಬೇಕಾದ ಪದ ಇರುವ ಪುಟದಲ್ಲಿ ಇನ್ನೇನಿರಬಹುದು ಎಂದು ಯೋಚಿಸಿ. ‘ಕರ’ದ ರಸೀದಿಯಲ್ಲಿ ‘ಮಾಲಮತ್ತಾ’ ಅಥವಾ ಇಂಗ್ಲಿಷಿನ ಪ್ರಾಪರ್ಟಿ ಇರುತ್ತದೆ. ಬೇಸಿಗೆಯಲ್ಲಿ ನೀರಿನ ಖರ್ಚಿನ ಲೆಕ್ಕ ಬೇಕಿದ್ದರೆ ‘ಟ್ಯಾಂಕರ್’ ಎಂದು ಹುಡುಕಿ. ಸಂಗೀತದ ಧ್ವನಿಮುದ್ರಿಕೆ ಹುಡುಕುವವರಿಗೂ ಇದೇ ದಾರಿ. ರೋಮನ್ ಲಿಪಿಯಲ್ಲಿ ಜೋಗ್, ದೇಸ್ ರಾಗಗಳ ಹೆಸರು ಮೂರೇ ಅಕ್ಷರ. ನಾಲ್ಕರ ಮಿತಿಯಿರುವ ಪಟ್ಟಿಯಲ್ಲಿ ಅವು ಸಿಗವು. ಕಲಾವಿದರ ಹೆಸರು, ಬಂದಿಶ್‌ನ ಮೊದಲ ಪದ ಹಾಕಿದರೆ ಸಿಗುತ್ತವೆ. ಗದಗ ಸೀಮೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿಯವರ ಮುದ್ರಿಕೆ ಬೇಕಿದ್ದರೆ ರಾಗದ ಹೆಸರು ಬಿಟ್ಟು ‘ಭೀಮಸೇನ’ ಎಂದೇ ಶುರುಮಾಡಿ.

3. ಅಂಕಿಗಳನ್ನು ಬೇರೆ ರೂಪಕ್ಕೆ ತನ್ನಿ. ಓರೆಗೆರೆ, ಅಡ್ಡಗೆರೆ, ಚುಕ್ಕಿ ಬಂದಲ್ಲೆಲ್ಲ ಅನೇಕ ಸಾಧನಗಳು ಪದವನ್ನು ತುಂಡರಿಸುತ್ತವೆ. ಕರ್ನಾಟಕದ ಪಹಣಿಯಂತೆ ಮಹಾರಾಷ್ಟ್ರದಲ್ಲಿ 7/12 ಎಂಬ ದಾಖಲೆಯಿದೆ, ಗ್ರಾಮ ಲೆಕ್ಕದ ಏಳನೇ ಮತ್ತು ಹನ್ನೆರಡನೇ ನಮೂನೆಗಳನ್ನು ಸೇರಿಸಿದ್ದು. ಯಂತ್ರ ಅದನ್ನು ‘7’ ಮತ್ತು ‘12’ ಎಂದು ಒಡೆದು ಎರಡನ್ನೂ ಎಸೆಯುತ್ತದೆ. ‘ಸಾತಬಾರಾ’ ಎಂದು ದೇವನಾಗರಿಯಲ್ಲಿ ಹಾಕಿದರೆ ಯಾವ ಮಿತಿಯೂ ಅಡ್ಡ ಬರದು. ಪುಣೆಯ ವಾಹನಗಳ ಎಂಎಚ್-12, ಪಿಂಪ್ರಿ-ಚಿಂಚವಡದ ಎಂಎಚ್-14 ಕೂಡ ಅಡ್ಡಗೆರೆ ಇದ್ದರೆ ಎರಡೆರಡಕ್ಷರದ ತುಂಡಾಗುತ್ತವೆ. ಕಡತದಲ್ಲಿ ಕೂಡಿಸಿ ಬರೆದಿದ್ದರೆ ಮಾತ್ರ ಒಂದೇ ಪದವಾಗಿ ಸಿಗುತ್ತವೆ.

ಅಂಕಿಯಲ್ಲೇ ಒಂದು ಒಳ್ಳೆಯ ಹಿಡಿಕೆಯೂ ಇದೆ, ಪಿನ್ ಕೋಡ್. ಆರು ಅಂಕಿ, ನಡುವೆ ಚಿಹ್ನೆಯಿಲ್ಲ. ಕೋಥ್ರೂಡಿನ ಕಾಗದ ಬೇಕಿದ್ದರೆ 411038 ಎಂದು ಹಾಕಿ. ಬಡಾವಣೆಯ ಹೆಸರನ್ನು ಯಾರು ಹೇಗೆ ಬರೆದಿದ್ದರೂ ಪಿನ್ ಒಂದೇ. ಕೆಲವರು ಮೂರು ಅಂಕಿಯ ನಂತರ ಜಾಗ ಬಿಡುತ್ತಾರೆ. ಮಿತಿ 4 ಇದ್ದರೆ ಅಂಥ ಕಾಗದ ತಪ್ಪಿಹೋಗಬಹುದು, ಅಷ್ಟು ನೆನಪಿರಲಿ.

4. ಲಿಪಿ ಬದಲಿಸಿ ನೋಡಿ. ಓಸಿ ಇಂಗ್ಲಿಷಿನಲ್ಲಿ 2, ಕನ್ನಡ ಲಿಪಿಯಲ್ಲಿ ಯಂತ್ರದ ಲೆಕ್ಕಕ್ಕೆ 3. ಪುಣೆಯ ಕನ್ನಡಿಗರ ಕಾಗದಗಳಲ್ಲಿ ಒಂದೇ ಹೆಸರು ಮೂರು ಲಿಪಿಗಳಲ್ಲಿ ಬಂದಿರುತ್ತದೆ: ಸಂಘದ ವರದಿ ಕನ್ನಡದಲ್ಲಿ, ಪಾಲಿಕೆಯ ಪತ್ರ ದೇವನಾಗರಿಯಲ್ಲಿ, ಬ್ಯಾಂಕಿನದು ರೋಮನ್‌ನಲ್ಲಿ. ಮೂರರಲ್ಲೂ ಹುಡುಕಿ. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಊರಿನ ಹೆಸರು ಪೂನಾ ಎಂದಿರುತ್ತದೆ ಎಂಬುದನ್ನೂ ಮರೆಯಬೇಡಿ.

5. ಇನಿಶಿಯಲ್ಲುಗಳನ್ನು ನಂಬಬೇಡಿ. ‘ದ.ರಾ. ಬೇಂದ್ರೆ’ ಎಂದು ಹಾಕಿದರೆ ‘ದ’, ‘ರಾ’ ಬಿದ್ದುಹೋಗಿ ‘ಬೇಂದ್ರೆ’ ಒಂದೇ ಉಳಿಯುತ್ತದೆ. ಅದು ಅಪರೂಪದ ಹೆಸರಾದ್ದರಿಂದ ಕೆಲಸ ನಡೆಯುತ್ತದೆ. 1918ರಲ್ಲಿ ಫರ್ಗ್ಯುಸನ್ ಕಾಲೇಜಿನಿಂದ ಬಿ.ಎ. ಆದ ಬೇಂದ್ರೆಯವರ ಬಗ್ಗೆ ಪುಣೆಯ ಕಡತಗಳಲ್ಲಿ ಹುಡುಕುವವರು ‘ಬೇಂದ್ರೆ ಫರ್ಗ್ಯುಸನ್’ ಎಂದು ಎರಡು ಉದ್ದ ಪದ ಕೊಡಬಹುದು. ‘ಪು.ಲ. ದೇಶಪಾಂಡೆ’ಯದು ಬೇರೆ ಸ್ಥಿತಿ. ‘ಪು’, ‘ಲ’ ಹೋದರೆ ಉಳಿಯುವ ದೇಶಪಾಂಡೆಯವರು ಪುಣೆಯಲ್ಲಿ ಲೆಕ್ಕವಿಲ್ಲದಷ್ಟು. ಅಲ್ಲಿ ‘ಪುರುಷೋತ್ತಮ’ ಎಂದು ಬಿಡಿಸಿ ಹಾಕಬೇಕು. ಪಾಲಿಕೆಯ ಮರಾಠಿ ಹ್ರಸ್ವರೂಪ ‘ಮನಪಾ’ವನ್ನೂ ಚುಕ್ಕಿಯಿಟ್ಟು ಬರೆದಿದ್ದರೆ ಒಂದೊಂದಕ್ಷರದ ಮೂರು ತುಂಡುಗಳಾಗಿ ಮಾಯವಾಗುತ್ತದೆ.

6. ನಕ್ಷತ್ರ ಚಿಹ್ನೆಯನ್ನು ಅರಿತು ಬಳಸಿ. ಪದದ ಕೊನೆಗೆ ನಕ್ಷತ್ರ ಇಟ್ಟರೆ ಹಾಗೆ ಶುರುವಾಗುವ ಎಲ್ಲ ಪದಗಳನ್ನೂ ತರುವ ಅನುಕೂಲ ಕೆಲವು ಸಾಧನಗಳಲ್ಲಿದೆ. ವಿಭಕ್ತಿ ಹತ್ತುವ ಕನ್ನಡಕ್ಕೆ ಇದು ವರ. ‘ಪುಣೆ*’ ಎಂದರೆ ಪುಣೆಯ, ಪುಣೆಗೆ, ಪುಣೆಯಲ್ಲಿ ಎಲ್ಲ ಬರುತ್ತವೆ. ಉಕಾರದಲ್ಲಿ ಮುಗಿಯುವ ಪದಗಳಿಗೆ ಕೊನೆಯ ಸ್ವರಚಿಹ್ನೆ ಬಿಟ್ಟು ನಕ್ಷತ್ರ ಇಡಿ. ‘ಊರು*’ ಎಂದು ಹಾಕಿದರೆ ‘ಊರಿನ’ ಬರುವುದಿಲ್ಲ, ‘ಊರ*’ ಎಂದರೆ ಎರಡೂ ಬರುತ್ತವೆ. ‘ನೀರ*’, ‘ಹಾಲ*’ ಕೂಡ ಹಾಗೆಯೇ.

7. ಹೊರಗಿನಿಂದ ಹುಡುಕಿ. ಸಂಗ್ರಹ ಎಲ್ಲರಿಗೂ ತೆರೆದಿರುವ ತಾಣವಾದರೆ ಅದರ ಪೆಟ್ಟಿಗೆ ಬಿಟ್ಟು ಗೂಗಲ್‌ಗೆ ಹೋಗಿ. ಅಲ್ಲಿ ಹೀಗೆ ಕನಿಷ್ಠ ಅಕ್ಷರದ ಕಟ್ಟುಪಾಡಿಲ್ಲ. ಇಂಗ್ಲಿಷಿನಲ್ಲಿ ಸೈಟ್ ಎಂಬ ಪದ, ಅದಕ್ಕೆ ತಾಗಿದಂತೆ ಕೋಲನ್, ಜಾಗ ಬಿಡದೆ ತಾಣದ ವಿಳಾಸ, ಆಮೇಲೆ ಜಾಗ ಬಿಟ್ಟು ನಿಮ್ಮ ಚಿಕ್ಕ ಪದವನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಹಾಕಿ. ಲಾಗಿನ್ ಕೇಳುವ ಸೊಸೈಟಿ ಸಂಗ್ರಹಗಳ ಒಳಗೆ ಗೂಗಲ್ ಹೋಗಲಾರದು, ಅಲ್ಲಿ ಈ ದಾರಿ ಮುಚ್ಚಿದೆ.

8. ಮೊದಲು ಕಿರಿದು ಮಾಡಿ, ಆಮೇಲೆ ಪುಟದೊಳಗೆ ಹುಡುಕಿ. ಬ್ರೌಸರಿನಲ್ಲಿ ಕಂಟ್ರೋಲ್ ಗುಂಡಿಯ ಜೊತೆ ಎಫ್ ಒತ್ತಿದರೆ ಬರುವ ಹುಡುಕು ಪದಸೂಚಿಯನ್ನು ನೋಡುವುದಿಲ್ಲ, ಕಣ್ಣೆದುರಿನ ಬರಹವನ್ನೇ ಅಕ್ಷರ ಅಕ್ಷರವಾಗಿ ಓದುತ್ತದೆ. ಅದಕ್ಕೆ ಮಿತಿಯಿಲ್ಲ. ಆದ್ದರಿಂದ ಸಂಗ್ರಹವನ್ನು ವರ್ಷ, ವಿಷಯ, ಇಲಾಖೆಯ ಪ್ರಕಾರ ಸೋಸಿ ಪಟ್ಟಿ ಚಿಕ್ಕದಾಗಿಸಿ. ಅನುಮಾನವಿರುವ ಕಡತ ತೆರೆದು ಅದರೊಳಗೆ ಎರಡಕ್ಷರದ ಪದ ಹುಡುಕಿ.

ಎಲ್ಲರೂ ಮಾಡುವ ತಪ್ಪುಗಳು

ಚಿಕ್ಕ ಪದಕ್ಕೆ ಇನ್ನೊಂದು ಚಿಕ್ಕ ಪದ ಸೇರಿಸುವುದು. ಮಿತಿಗಿಂತ ಕೆಳಗಿನ ಎರಡು ಪದ ಸೇರಿದರೂ ಸೂಚಿಯಲ್ಲಿ ಅವು ಇಲ್ಲವೇ ಇಲ್ಲ. ಉದ್ಧರಣ ಚಿಹ್ನೆಯೊಳಗೆ ಹಾಕಿದರೂ ಅಷ್ಟೆ. ಪದಗುಚ್ಛ ಹುಡುಕುವುದಾದರೆ ಅದರೊಳಗೆ ಕನಿಷ್ಠ ಒಂದು ಉದ್ದದ ಪದವಿರಲಿ.

ಓಸಿಗೆ ನಕ್ಷತ್ರ ಹಚ್ಚಿ ಸಮಸ್ಯೆ ಬಗೆಹರಿಯಿತು ಎಂದುಕೊಳ್ಳುವುದು. ಸೂಚಿಯಲ್ಲೇ ಇಲ್ಲದ ಎರಡಕ್ಷರದ ಓಸಿಯನ್ನು ನಕ್ಷತ್ರ ಎಲ್ಲಿಂದ ತರಬೇಕು? ಆ ಎರಡು ಅಕ್ಷರಗಳಿಂದ ಶುರುವಾಗುವ ಆಕ್ಯುಪೆನ್ಸಿ ಬರಬಹುದು, ಅದು ಅದೃಷ್ಟ. ಅಕ್ಟೋಬರ್ ತಿಂಗಳ ಎಲ್ಲ ಸುತ್ತೋಲೆಗಳೂ ಜೊತೆಗೆ ಬರುತ್ತವೆ.

ಸಿಕ್ಕಿದ್ದನ್ನೆಲ್ಲ ಸರಿ ಎಂದು ನಂಬುವುದು. ‘ಓಸಿ ನೋಟಿಸ್’ ಎಂದು ಇಂಗ್ಲಿಷಿನಲ್ಲಿ ಹಾಕಿದಾಗ ಕೆಲವು ಸಾಧನಗಳು ಮೊದಲ ಪದವನ್ನು ಸದ್ದಿಲ್ಲದೆ ಬಿಟ್ಟು ನೋಟಿಸುಗಳನ್ನಷ್ಟೇ ಹುಡುಕುತ್ತವೆ. ನೂರು ಫಲಿತಾಂಶ ಬರುತ್ತದೆ, ಓಸಿಗೆ ಸಂಬಂಧಿಸಿದ್ದು ಒಂದೂ ಇಲ್ಲದಿರಬಹುದು. ಏನೂ ಸಿಗದಿರುವುದಕ್ಕಿಂತ ಇದು ಕೆಟ್ಟದ್ದು, ತಪ್ಪು ನಡೆದದ್ದೇ ತಿಳಿಯುವುದಿಲ್ಲ. ಚಿಕ್ಕ ಪದ ತೆಗೆದು ಮತ್ತೊಮ್ಮೆ ಹುಡುಕಿ. ಫಲಿತಾಂಶಗಳ ಸಂಖ್ಯೆ ಬದಲಾಗದಿದ್ದರೆ ಆ ಪದ ಲೆಕ್ಕಕ್ಕೇ ಬಂದಿರಲಿಲ್ಲ ಎಂದುಕೊಳ್ಳಬಹುದು.

ಒಂದೇ ಪದವನ್ನು ಎರಡು ಬಗೆಯಲ್ಲಿ ಟೈಪ್ ಮಾಡಿ ಒಂದೇ ಎಂದು ತಿಳಿಯುವುದು. ‘ಎಸ್‌ಟಿ’ ಎಂದು ಬಿಡಿಸಿ ಬರೆಯಲು ಎಸ್ ಮತ್ತು ಟಿ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕುತ್ತೇವೆ. ಅದಿಲ್ಲದಿದ್ದರೆ ‘ಎಸ್ಟಿ’ ಎಂದು ಒತ್ತಾಗುತ್ತದೆ. ಯಂತ್ರಕ್ಕೆ ಇವು ಬೇರೆ ಬೇರೆ ಪದಗಳಾಗಬಹುದು. ಕೆಲವು ಕಡೆ ಆ ಕಾಣದ ಸಂಕೇತದ ಬಳಿಯೇ ಪದ ಎರಡು ತುಂಡಾಗಿ, ತುಂಡುಗಳು ಮಿತಿಯ ಕೆಳಗೆ ಬೀಳುತ್ತವೆ. ‘ಆರ್‌ಟಿಓ’, ‘ಆರ್‌ಟಿಒ’ ಎಂಬ ಕಾಗುಣಿತ ವ್ಯತ್ಯಾಸವನ್ನೂ ಪ್ರಯತ್ನಿಸಿ.

ಹಳೆಯ ಅಕ್ಷರಶೈಲಿಯ ಕಡತವನ್ನು ಕನ್ನಡ ಎಂದುಕೊಳ್ಳುವುದು. ಪರೀಕ್ಷೆಯಲ್ಲಿ ಒಂದು ಪದವೂ ಸಿಗದಿದ್ದವರು ಇಲ್ಲಿ ಗಮನಿಸಿ. ಯೂನಿಕೋಡ್ ಹರಡುವ ಮೊದಲು ಕನ್ನಡದ ಎಷ್ಟೋ ಸ್ಮರಣಸಂಚಿಕೆಗಳು ನುಡಿ, ಬರಹ, ಅಥವಾ ಪುಣೆಯದೇ ಮಾಡ್ಯುಲರ್ ಇನ್ಫೊಟೆಕ್‌ನ ಶ್ರೀಲಿಪಿಯಲ್ಲಿ ಅಚ್ಚಾದವು. ಪರದೆಯ ಮೇಲೆ ಕನ್ನಡವೇ ಕಾಣುತ್ತದೆ. ಒಳಗೆ ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಹುಡುಕು ಸಾಧನ ಆ ಚಿಹ್ನೆಗಳ ಬಳಿ ಪದವನ್ನು ಚೂರು ಮಾಡುತ್ತದೆ, ಚೂರುಗಳಲ್ಲಿ ಅನೇಕವನ್ನು ಮಿತಿ ನುಂಗುತ್ತದೆ. ಒಂದು ಸಾಲನ್ನು ಎತ್ತಿ ನೋಟ್‌ಪ್ಯಾಡ್‌ನಲ್ಲಿ ಅಂಟಿಸಿ. ಅರ್ಥವಿಲ್ಲದ ರೋಮನ್ ಅಕ್ಷರ ಬಂದರೆ ಇದೇ ಕಾರಣ. ಏನೂ ಅಂಟದಿದ್ದರೆ ಅದು ಬರಿಯ ಚಿತ್ರ, ಅದನ್ನು ಓದಿಸುವ ತಂತ್ರಾಂಶಕ್ಕೆ ಕೊಡಬೇಕು.

ಸಂಗ್ರಹ ನೋಡಿಕೊಳ್ಳುವವರಿಗೆ

ಸೊಸೈಟಿಯ ಕಾರ್ಯದರ್ಶಿಯೋ ಸಂಘದ ತಾಣ ನೋಡಿಕೊಳ್ಳುವವರೋ ನೀವೇ ಆಗಿದ್ದರೆ ಮೂಲದಲ್ಲೇ ಸರಿಪಡಿಸಬಹುದು.

1. ಮಿತಿ ಇಳಿಸಿ. ಮೈಎಸ್‌ಕ್ಯೂಎಲ್‌ನ ಸೆಟ್ಟಿಂಗ್ಸ್ ಕಡತದಲ್ಲಿ ಮೈಐಸ್ಯಾಮ್‌ಗೆ ಒಂದು, ಇನ್ನೊಡಿಬಿಗೆ ಒಂದು ಎಂದು ಕನಿಷ್ಠ ಉದ್ದದ ಎರಡು ಬೇರೆ ಬೇರೆ ಸಾಲುಗಳಿವೆ. ನಿಮ್ಮ ಸಂಗ್ರಹ ಯಾವ ಬಗೆಯದೆಂದು ನೋಡಿ ಅದನ್ನು 2ಕ್ಕೆ ಇಳಿಸಿ.

2. ಸರ್ವರ್ ಮರುಚಾಲನೆ ಮಾಡಿ, ಸೂಚಿಯನ್ನು ಹೊಸದಾಗಿ ಕಟ್ಟಿ. ಬಹಳ ಮಂದಿ ಇಲ್ಲಿ ಎಡವುತ್ತಾರೆ. ಮಿತಿ ಬದಲಿಸಿದ ಮಾತ್ರಕ್ಕೆ ಹಳೆಯ ಸೂಚಿಗೆ ಚಿಕ್ಕ ಪದಗಳು ಬಂದು ಸೇರುವುದಿಲ್ಲ. ಮೈಐಸ್ಯಾಮ್‌ನಲ್ಲಿ ಕೋಷ್ಟಕವನ್ನು ರಿಪೇರಿ ಆಜ್ಞೆಯಿಂದ ಸರಿಪಡಿಸಬಹುದು, ಇನ್ನೊಡಿಬಿಯಲ್ಲಿ ಸೂಚಿಯನ್ನು ಅಳಿಸಿ ಮತ್ತೆ ರಚಿಸಬೇಕು. ಮೊದಲು ಬ್ಯಾಕಪ್ ತೆಗೆದಿಡಿ.

3. ಕೈಬಿಡುವ ಪದಗಳ ಪಟ್ಟಿ ನೋಡಿ. ಐಟಿಯಂಥ ಪದ ಬೇಕಿದ್ದರೆ ಪಟ್ಟಿಯನ್ನು ಬದಲಿಸಿ ಅಥವಾ ಖಾಲಿ ಮಾಡಿ, ಮತ್ತೆ ಸೂಚಿ ಕಟ್ಟಿ.

4. ಸರ್ವರಿನ ಹಕ್ಕು ನಿಮಗಿಲ್ಲದಿದ್ದರೆ ಕಡತಕ್ಕೆ ಉದ್ದದ ಹೆಸರಿಡಿ. ಬಾಡಿಗೆಗೆ ಪಡೆದ ಹೋಸ್ಟಿಂಗ್‌ನಲ್ಲಿ ಈ ಸೆಟ್ಟಿಂಗ್ಸ್ ಮುಟ್ಟಲು ಸಾಮಾನ್ಯವಾಗಿ ಬಿಡುವುದಿಲ್ಲ. ಆಗ ಪ್ರತಿ ಕಡತದ ಶೀರ್ಷಿಕೆಯಲ್ಲಿ ಹ್ರಸ್ವರೂಪದ ಜೊತೆ ಪೂರ್ಣರೂಪ, ವರ್ಷ, ಪಿನ್ ಕೋಡ್ ಬರೆಯಿರಿ. ವಾಹನ ಸಂಖ್ಯೆಯನ್ನು ಕೂಡಿಸಿ ಬರೆಯಿರಿ. ಹುಡುಕು ಎಷ್ಟೇ ಮೊಂಡಾಗಿದ್ದರೂ ಒಳ್ಳೆಯ ಶೀರ್ಷಿಕೆ ಸಿಗುತ್ತದೆ.

5. ಮಿತಿಯನ್ನು ಪೆಟ್ಟಿಗೆಯ ಪಕ್ಕದಲ್ಲೇ ಬರೆದಿಡಿ. ‘ಮೂರಕ್ಕಿಂತ ಕಡಿಮೆ ಅಕ್ಷರದ ಪದ ಹುಡುಕಲಾಗದು’ ಎಂಬ ಒಂದು ಸಾಲು ಸಾಕು, ಎಷ್ಟೋ ಫೋನ್ ಕರೆಗಳು ತಪ್ಪುತ್ತವೆ.

ಎಚ್ಚರಿಕೆ

ಮಿತಿ ತೆಗೆದುಬಿಟ್ಟರೆ ಎಲ್ಲವೂ ಸುಗಮ ಎಂದೇನಿಲ್ಲ. ಪದಸೂಚಿಯನ್ನು ಬಿಟ್ಟು ಅಕ್ಷರಗಳ ಸಾಲನ್ನೇ ಹುಡುಕುವ ಸಾಧನಗಳೂ ಇವೆ. ಅಲ್ಲಿ ಇಂಗ್ಲಿಷಿನ ಓಸಿ ಹಾಕಿದರೆ ಸೊಸೈಟಿ, ಬ್ಲಾಕ್, ಡಾಕ್ಯುಮೆಂಟ್ ಎಲ್ಲವೂ ಬರುತ್ತವೆ. ಆ ಪದಗಳ ಇಂಗ್ಲಿಷ್ ಕಾಗುಣಿತದೊಳಗೆ ಅವೇ ಎರಡು ಅಕ್ಷರ ಒಟ್ಟಿಗಿವೆ. ಸೊಸೈಟಿಯ ಸಂಗ್ರಹದಲ್ಲಿ ಸೊಸೈಟಿ ಎಂಬ ಪದವಿಲ್ಲದ ಕಾಗದ ಯಾವುದು? ಮೂರು ಮೂರು ಅಕ್ಷರದ ತುಂಡುಗಳನ್ನು ಸೂಚಿ ಮಾಡುವ ಸಾಧನಗಳೂ ಇವೆ. ಮೊಬೈಲ್ ಆ್ಯಪ್‌ಗಳಲ್ಲಿ ಬಳಸುವ ಎಸ್‌ಕ್ಯೂಲೈಟ್‌ನ ಅಂಥ ಸ್ವರೂಪದಲ್ಲಿ ಮೂರಕ್ಕಿಂತ ಚಿಕ್ಕ ಪದಕ್ಕೆ ಉತ್ತರವೇ ಬರದು, ಸೆಟ್ಟಿಂಗ್ಸ್ ಬದಲಿಸಿ ಸರಿಪಡಿಸುವ ಸಂಗತಿಯೂ ಅದಲ್ಲ. ಯಾವ ಸಾಧನವಾದರೂ ಉದ್ದದ, ಅಪರೂಪದ ಪದವೇ ನಿಮ್ಮ ಪಾಲಿಗೆ ಭರವಸೆಯದು.

ಗ್ರಂಥಾಲಯಗಳ ವಿಷಯದಲ್ಲಿ ಇನ್ನೊಂದು ಮಾತು. ಪುಣೆಯ ಗೋಖಲೆ ಸಂಸ್ಥೆಯಂಥ ಕಡೆ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ಇಂಥ ಸಂಗ್ರಹಗಳಲ್ಲಿ ಪೆಟ್ಟಿಗೆ ಎಷ್ಟೋ ಸಲ ಶೀರ್ಷಿಕೆ, ಲೇಖಕ, ವರ್ಷಗಳನ್ನು ಮಾತ್ರ ನೋಡುತ್ತದೆ, ಪುಟದೊಳಗಿನ ಪದವನ್ನಲ್ಲ. ಕನ್ನಡ ಪುಸ್ತಕದ ಹೆಸರು ರೋಮನ್ ಲಿಪಿಯಲ್ಲಿ ವಿಚಿತ್ರ ಕಾಗುಣಿತದಲ್ಲಿ ಇರುವುದೂ ಉಂಟು. ಅಲ್ಲಿ ವಿಷಯದ ಪದ ಹಾಕುವ ಬದಲು ಲೇಖಕರ ಅಡ್ಡಹೆಸರು ಮತ್ತು ಪ್ರಕಟಣೆಯ ವರ್ಷದಿಂದ ಶುರುಮಾಡಿ. ಇಸವಿಗೆ ನಾಲ್ಕು ಅಂಕಿ ಇರುವುದರಿಂದ ನಾಲ್ಕರ ಮಿತಿಯಿದ್ದರೂ ಅದು ದಾಟುತ್ತದೆ.

ಕೊನೆಗೆ, ದಾಖಲೆ ಇಲ್ಲ ಎಂದು ಲಿಖಿತವಾಗಿ ಹೇಳಬೇಕಾದ ಸಂದರ್ಭ ಬರುತ್ತದೆ: ಸೊಸೈಟಿಯ ಸಭೆಗೆ, ವಕೀಲರಿಗೆ, ಮಾಹಿತಿ ಹಕ್ಕಿನ ಅರ್ಜಿಗೆ. ಅದಕ್ಕೆ ಮೊದಲು ಕನಿಷ್ಠ ಮೂರು ರೀತಿಯಲ್ಲಿ ಹುಡುಕಿ: ಪೂರ್ಣರೂಪದಿಂದ ಒಮ್ಮೆ, ಬೇರೆ ಲಿಪಿಯಲ್ಲಿ ಒಮ್ಮೆ, ಪಿನ್ ಅಥವಾ ವರ್ಷದಿಂದ ಒಮ್ಮೆ. ಆಗಲೂ ಸಿಗದಿದ್ದರೆ ಯಾವ ಯಾವ ಪದಗಳಿಂದ, ಯಾವ ದಿನ ಹುಡುಕಿದಿರಿ ಎಂಬುದನ್ನೂ ಆ ಪತ್ರದಲ್ಲೇ ಬರೆಯಿರಿ. ಮುಂದೆ ಬೇರೆ ಯಾರಿಗಾದರೂ ಅದೇ ಕಾಗದ ಬೇಕಾದಾಗ, ನೀವು ನೋಡದೆ ಬಿಟ್ಟ ಪದ ಯಾವುದು ಎಂದು ಅವರಿಗೆ ತಿಳಿಯುತ್ತದೆ.